ಅರ್ಧ ಟ್ಯಾಂಕು

ಅರಸೀಕೆರೆಯ ಕಾಯಿ ಮಂಡಿ, ಅದರ ಹಿಂದಿನ ಶೆಡ್ಡು.
ಎಂಟು ತಿಂಗಳಿಂದ ಅಲ್ಲೇ ನಿಂತಿದೆ ನಮ್ಮ ಹಳೇ ಓಮ್ನಿ,
ಹಿಂದಿನ ಸೀಟು ಕೀಳಿಸಿ ಮಂಚ ಕೂರಿಸಿದ್ದು.
ಮಂಚದಡಿ ಸ್ಟೌವು, ಎರಡು ತಟ್ಟೆ, ಒಂದು ಈಳಿಗೆಮಣೆ,
ಕಿಟಕಿಗೆ ನನ್ನ ವಾಯಿಲ್ ಸೀರೆಯ ಪರದೆ.

ಜಬೀವುಲ್ಲಾ ಟ್ಯಾಂಕಿನ ಬಾಯಿಗೆ ಮೂಗಿಟ್ಟ,
ನಿನ್ನೆಯ ಸಾರು ಮೂಸುವ ಹಾಗೆ.
‘ಹಳಸಿದೆ ಅಮ್ಮಾ.’
ಅನ್ನ ಹಳಸುವುದು ಗೊತ್ತಿತ್ತು. ಪೆಟ್ರೋಲೂ?

‘ಅರ್ಧ ಬಿಟ್ಟು ಹೋದಿರಲ್ಲ, ಅದೇ ತಪ್ಪು.
ಕಂಠಮಟ್ಟ ತುಂಬಿಸಬೇಕಿತ್ತು
ಇಲ್ಲಾ ಪೂರಾ ಬಸಿಯಬೇಕಿತ್ತು.
ಖಾಲಿ ಜಾಗದಲ್ಲಿ ಗಾಳಿ ಕೂತು ಬೆವರುತ್ತೆ,
ಬೆವರು ತಳಕ್ಕಿಳಿದು ತುಕ್ಕು.’

ಅರ್ಧ ಬಿಟ್ಟವಳು ನಾನಲ್ಲ, ನನ್ನ ನಾದಿನಿ ಪಂಕಜಾಕ್ಷಿ.
ಸ್ಟಿಯರಿಂಗು ಅವಳದು, ದಾರಿ ಹೇಳುವುದು ನನ್ನದು.
ದ್ವಾರಕೆಯಿಂದ ಬರುತ್ತಾ ಹಾವೇರಿ ಬೈಪಾಸಿನಲ್ಲಿ ದಾರಿ ತಪ್ಪಿ
‘ನಿಮ್ಮಣ್ಣ ಇದ್ದಿದ್ದರೆ’ ಅಂದುಬಿಟ್ಟೆ.
ಅಷ್ಟೇ. ಮಿಕ್ಕ ದಾರಿಯೆಲ್ಲ ಬಾಯಿಬಿಡದೆ ಓಡಿಸಿ
ಕೀಲಿ ಜಗಲಿಯ ಮೇಲಿಟ್ಟು ಹೋದಳು.

ಕಾರ್ಬೊರೇಟರ್ ಬಿಚ್ಚಿದರೆ ಜೆಟ್ಟಿನ ತೂತಿಗೆ
ಜೋನಿಬೆಲ್ಲದ ಬಣ್ಣದ ಅಂಟು.
ಏರ್ ಫಿಲ್ಟರಿನಲ್ಲಿ ಇಲಿಯೊಂದು ಬಾಣಂತನ ಮುಗಿಸಿತ್ತು:
ಕಾಯಿನಾರು, ಪರದೆಯ ಚೂರು,
ದ್ವಾರಕೆಯ ಪಾರ್ಕಿಂಗ್ ಚೀಟಿ, ಅದೂ ಅರ್ಧ.

‘ಪ್ರತಿ ಭಾನುವಾರ ಕೀಲಿ ತಿರುಗಿಸಿದ್ದೆನಪ್ಪಾ,
ಎರಡೆರಡು ನಿಮಿಷ.’
‘ಅದು ಇನ್ನೂ ಕೆಟ್ಟದ್ದು,’ ಅವನು ನಕ್ಕ.
‘ಬಿಸಿಯಾಗುವ ಮೊದಲೇ ಆರಿಸಿದರೆ
ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತೆ.
ಬ್ಯಾಟರಿ ಒಂದಷ್ಟು ಕೊಟ್ಟಿತು, ಏನೂ ವಾಪಸು ಬರಲಿಲ್ಲ.’

ಭಾನುವಾರದ ಫೋನು ನೆನಪಾಯಿತು.
ಊಟ ಆಯ್ತಾ? ಆಯ್ತು. ನಿನ್ನದು? ಆಯ್ತು.
ಎರಡು ನಿಮಿಷವೂ ಇಲ್ಲ.

ಹಳೇ ಪೆಟ್ರೋಲನ್ನು ಕ್ಯಾನಿಗೆ ಬಸಿದ,
ಗ್ರೀಸು ತೊಳೆಯಲು ಆಗುತ್ತೆ ಎಂದು ಪಕ್ಕಕ್ಕಿಟ್ಟ.
ಒಂದೇ ಕಡೆ ಕೂತು ಚಪ್ಪಟೆಯಾದ ಟೈರಿಗೆ ಗಾಳಿ,
ಬೆಳ್ಳಗೆ ಬೂಷ್ಟು ಕಟ್ಟಿದ ಟರ್ಮಿನಲ್ಲಿಗೆ ಬಿಸಿನೀರು.
‘ನಿಲ್ಲಿಸಿದರೆ ನಿಲ್ಲುತ್ತೆ ಅಂದ್ಕೊಂಡಿರಾ ಗಾಡಿ?
ನಿಂತಲ್ಲೇ ಅದರ ಕೆಲಸ ನಡೀತಾ ಇರುತ್ತೆ.
ಬಾಣಾವರಕ್ಕೆ ಹೋಗಿ ಬನ್ನಿ, ಟಾಪ್ ಗೇರಿನಲ್ಲಿ.’
ನನಗೆ ಓಡಿಸಲು ಬರುವುದಿಲ್ಲ ಎಂದು ಅವನಿಗೂ ಗೊತ್ತು.

ಫೋನು ಹಚ್ಚಿದೆ. ಊಟ ಕೇಳಲಿಲ್ಲ.
‘ಎಂಜಿನ್ನು ಬಿಸಿಯಾಗಬೇಕಂತೆ, ಬಾಣಾವರದ ತನಕ.’
ಆ ಕಡೆ ಕುಕ್ಕರು ಕೂಗಿತು, ಮೂರು ಸಲ.
‘ನೋಡು, ಹಾವೇರಿಯಲ್ಲಿ ನಾನು...’
‘ಅದಿರಲಿ,’ ಅಂದಳು ಪಂಕಜಾಕ್ಷಿ, ‘ಕ್ಲಚ್ ಕೇಬಲ್ಲಿಗೆ
ಎಣ್ಣೆ ಬಿಟ್ಟನಾ ಅವನು?’