ಶಿಲ್ಕು

ನವೆಂಬರಿನ ಕೊನೆಯ ಭಾನುವಾರ. ಸ್ವಿಂಡನ್ನಿನಲ್ಲಿ
ನಾಲ್ಕೂವರೆಗೇ ಕತ್ತಲು.
ಹೀಟರು ಒಂದೇ ಕೋಣೆಗೆ. ಅಲ್ಲೇ ನಾನು, ಲ್ಯಾಪ್‌ಟಾಪು,
ಅಲ್ಲೇ ಒಣಗಲು ಹರವಿದ ಅವನ ಹಳದಿ ಜಾಕೆಟ್ಟು.

ಬ್ಯಾಂಕು ಹೇಳುವುದು ಒಂದೇ ಸಾಲು:
ಕಂಪನಿಯ ಹೆಸರು, ಅರವತ್ಮೂರು ಪೌಂಡು ನಲವತ್ತೇಳು ಪೆನ್ಸು.
ಒಳಗೇನಿತ್ತೆಂದು ಅದಕ್ಕೇನು ಗೊತ್ತು?
ನಾನೇ ಬಿಡಿಸಬೇಕು, ಹಲಸು ಬಿಡಿಸಿದ ಹಾಗೆ
ಕೈಗೆ ಎಣ್ಣೆ ಹಚ್ಚಿಕೊಂಡು.

ಪಾತ್ರೆ ತೊಳೆಯುವ ಮಾತ್ರೆ: ಮನೆ.
ಇಂಚರಳ ಕ್ಯಾಲ್ಕ್ಯುಲೇಟರು: ಶಾಲೆ.
ತೊಗರಿಬೇಳೆ ಎರಡು ಕಿಲೋ: ದಿನಸಿ.
ಅಂಗಡಿಗಿಂತ ನಲವತ್ತು ಪೆನ್ಸು ಅಗ್ಗ,
ಆ ಉಳಿತಾಯಕ್ಕೆ ಮಾತ್ರ ಎಲ್ಲೂ ಖಾನೆಯಿಲ್ಲ.
ರಾತ್ರಿ ಒಂದೂಮುಕ್ಕಾಲಿಗೆ, ನಿದ್ದೆ ಬರದೆ
ನಾನು ಕೊಂಡ ಹಿತ್ತಾಳೆ ಬಣ್ಣದ ಬಾಗಿಲ ಹಿಡಿ,
ಬಾಡಿಗೆ ಮನೆಗೆ.
ಇತರೆ. ಸದ್ಯಕ್ಕೆ ಇತರೆ.

ರಾಣೆಬೆನ್ನೂರಿನ ಅರಿವೆ ಅಂಗಡಿಯಲ್ಲಿ
ಕಿರ್ದಿ ಬರೆಯುತ್ತಿದ್ದ ನೀಲಕ್ಕ ಹೇಳುತ್ತಿದ್ದಳು:
"ಇತರೆ ಅಂತ ಬರದವರ ಮನಿಯಾಗ
ಕಳ್ಳ ಇರತಾನ, ಇಲ್ಲಾ ಆಸೆ ಇರತೈತಿ."

ಊರಾಚೆಯ ಗೋದಾಮಿನಲ್ಲಿ, ರಾತ್ರಿ ಪಾಳಿಗೆ,
ಇದೇ ಕಂಪನಿಯ ಡಬ್ಬಿ ಕಟ್ಟುವವನು ಸಿದ್ಲಿಂಗ.
"ನಿನ್ನ ಬ್ಯಾಳಿ ನಾನs ಕಟ್ಟಿರಬೇಕು ನೋಡು," ಅಂದಿದ್ದ ಒಮ್ಮೆ.
"ಟೇಪು ಡೊಂಕಿತ್ತು," ಅಂದೆ.
"ಹಂಗಾರ ನಾನs."
ಅವತ್ತು ಬೇಳೆ ಉಕ್ಕಿ ಒಲೆಯೆಲ್ಲ ಹೊಲಸಾಗುವ ತನಕ ನಕ್ಕೆವು.

ಶುಕ್ರವಾರ ಅದೇ ಹೆಸರಿನಿಂದ ಅವನ ಸಂಬಳ ಜಮಾ.
ಆ್ಯಪಿಗೆ ಅಷ್ಟೇ ಸಾಕು. ಹೋದ ಕಡೆಯಿಂದಲೇ ಬಂದ ಹಣ,
ಹಸಿರು ಬಾಣ ಹಾಕಿ ಬರೆದುಬಿಡುತ್ತದೆ: ಮರುಪಾವತಿ.

ತಿಂಗಳು ತಿಂಗಳೂ ತಿದ್ದುತ್ತೇನೆ. ತಿಂಗಳು ತಿಂಗಳೂ ಮರೆಯುತ್ತದೆ.
ಮರುಪಾವತಿ ಅಂದರೆ, ಮಾರಾಯ,
ಸರಿಹೊಂದದ್ದನ್ನು ಹಿಂದಕ್ಕೆ ಕಳಿಸಿ ಪಡೆಯುವ ದುಡ್ಡು.
ಇಂಚರಳ ಬೂಟು ಕಳಿಸಿದ್ದೆವು, ಒಂದು ನಂಬರು ಚಿಕ್ಕದು. ಬಂತು.
ಇವನು ಹಿಂದಕ್ಕೆ ಕಳಿಸಿದ್ದೇನು?

ಬಿಲ್ಲಿನ ಕೊನೆಯ ಸಾಲು:
ಮೊಣಕಾಲಿನ ಪಟ್ಟಿ, ಒಂದು ಜೊತೆ, ಹದಿನಾಲ್ಕು ಪೌಂಡು.
ಔಷಧವೇ? ಬಟ್ಟೆಯೇ?
ಕೆಲಸದ ಸಾಮಾನಾದರೆ ಕೆಲಸದವರು ಕೊಡಬೇಕಿತ್ತು.
ಕರ್ಸರು ಮಿಣುಕುತ್ತದೆ, ಬಾಕಿ ಕೇಳಲು ಬಂದವರು
ಹೊಸ್ತಿಲಲ್ಲಿ ನಿಂತು ಕೆಮ್ಮಿದ ಹಾಗೆ.

ಮೇಲೆ ಅವನು ಎದ್ದ ಸದ್ದು.
ಒಂದು ಮೆಟ್ಟಿಲಿಗೆ ಬಲಗಾಲು, ತುಸು ನಿಂತು,
ಅದೇ ಮೆಟ್ಟಿಲಿಗೆ ಎಡಗಾಲು.
ಹದಿಮೂರು ಮೆಟ್ಟಿಲು. ಎಣಿಸುವ ಚಾಳಿ ನನಗೆ.

"ಎಷ್ಟು ಉಳೀತು?"
"ನೂರಾ ಎಂಟು. ಮೊಣಕಾಲಿಂದು ಹಾಕ್ಕೊಂಡಿಲ್ಲ?"
"ಡಬ್ಬಿಯಾಗ ಐತಿ."

ಇಡೀ ರಾತ್ರಿ ಡಬ್ಬಿ ಕಟ್ಟಿ ಬಂದವನಿಗೆ
ಮನೆಯಲ್ಲೊಂದು ಬಿಚ್ಚಲು ಬೇಸರ.
ಬಾಗಿಲ ಬಳಿ ನಾಲ್ಕು ದಿನದಿಂದ ಕೂತಿದೆ.
ಚಹಾಕ್ಕೆ ನೀರಿಟ್ಟು, ಕತ್ತರಿ ಹುಡುಕಿ,
ಅದನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತೇನೆ.

ಟೇಪು ಡೊಂಕಾಗಿದೆ.