ಎಲ್ಲಿಂದ, ಎಲ್ಲಿಗೆ

ರಾತ್ರಿ ಪಾಳಿ. ಸಂಡೂರು ದಾಟಿ ಮೂರನೇ ತಿರುವಿನಾಗ
ನಮ್ಮ ವೇಬ್ರಿಡ್ಜ್. ಟ್ಯೂಬ್‌ಲೈಟಿನ ಕೆಳಗ
ರಸೀದಿ ಬುಕ್ಕಿನ ಮ್ಯಾಲೆ ಬಂದು ಕುಂತಿತ್ತು,
ಅಂಗೈ ಅಗಲದ್ದು,
ಕೆಂಪಂದ್ರ ಕೆಂಪು.

ಇಲ್ಲಿ ಎಲ್ಲಾದೂ ಕೆಂಪಽ. ಚಾದ ಲೋಟ, ನಾಯಿ,
ಬೇವಿನ ಎಲಿ, ನನ್ನ ಹುಬ್ಬು.
ಅದಕ್ಕ ಬಣ್ಣ ನಂಬಬಾರದು ಅಂತ ಮೆಲ್ಲಕ ಊದಿದೆ.
ಧೂಳು ಹಾರಿತು. ಕೆಳಗ ಕಂದು, ಮರದ ತೊಗಟಿ ಹಂಗ,
ಬೆನ್ನ ಮ್ಯಾಲೆ
ಒಂದು ಮುಖ.

"ಬುರುಡಿ ಐತಲ್ಲೋ ಹುಲುಗಪ್ಪ," ಅಂದ ಲಾರಿಯ ಮೌಲಾಸಾಬ್,
ಕ್ಯಾಬಿನ್ ಬಿಟ್ಟು ಇಳೀಲಿಲ್ಲ.
ಚಾದಂಗಡಿ ತಾಯಕ್ಕ ಕನ್ನಡಕ ಏರಿಸಿ,
"ನಮ್ಮತ್ತಿ ಹಿಂಗಽ ನೋಡತಿದ್ಲು."

ಪಕ್ಕ ಒಂದು ರೂಪಾಯಿ ಇಟ್ಟು ಫೋಟೊ ಹೊಡೆದು
ಕಾಲೇಜಿನ ಹಸೀನಾ ಮೇಡಂಗೆ ಕಳಿಸಿದೆ.
ರಾತ್ರಿ ಎರಡಕ್ಕ ಯಾರು ಎದ್ದಿರತಾರ? ಎದ್ದಿದ್ದರು.
"ಬುರುಡೆ ಪತಂಗ. ಜೇನುಗೂಡಿಗೆ ಕನ್ನ ಹಾಕುವ ಕುಲ.
ಇದರಲ್ಲಿ ಎರಡು ಬಗೆ. ಹಿಂದಿನ ರೆಕ್ಕೆಯ ಬುಡ
ಕಪ್ಪೋ ಹಳದಿಯೋ, ನೋಡಿ ಹೇಳು."
ಪೆನ್ನಿನ ತುದಿಯಿಂದ ರೆಕ್ಕಿ ಎತ್ತಿದರ
ಚೀಂ ಅಂತು, ಎಣ್ಣಿ ಕಾಣದ ಬಾಗಿಲ ಹಂಗ.
ಹುಳಕ್ಕೂ ದನಿ!
ಹಳದಿ, ಅಂತ ಬರೆದೆ. ಕೈ ನಡುಗತಿತ್ತು.
"ಸರಿ. ಆವಾಸ?"

ಆವಾಸ ಅಂದ್ರ ಮನಿ. ಏನಂತ ಬರೀಲಿ?
ಹುಳ ಇದ್ದಾಗ ಎಳ್ಳಿನ ಹೊಲ, ಹಿತ್ತಲ ಬದನಿ,
ರೆಕ್ಕಿ ಬಂದ ಮ್ಯಾಲೆ ಕಂಡೋರ ಜೇನು.
ನಡುವ ಒಂದಿಷ್ಟು ದಿನ, ಮೇಡಂ ಅಂತಾರ,
ಕೈಯಿಲ್ಲ ಕಾಲಿಲ್ಲ, ಒಣ ಖರ್ಜೂರದ ಹಂಗ
ಮಣ್ಣೊಳಗ ಮಲಗಿರತೈತಿ.

ಮಣ್ಣು.
ಆ ಮಣ್ಣನ್ನಽ ನಾನು ದಿನಾ ತೂಗತೀನಿ.
ತಾಡಪತ್ರಿ ಹೊದ್ದು ಬರತೈತಿ, ಹತ್ತು ಗಾಲಿ ಮ್ಯಾಲೆ.
ಪರ್ಮಿಟ್ಟಿನಾಗ ಎರಡು ಖಾನೆ: ಎಲ್ಲಿಂದ, ಎಲ್ಲಿಗೆ.
ಯಾವ ಲಾರಿಯಾಗ ಎಷ್ಟು ನಿದ್ದಿ
ಬಂದರಕ್ಕ ಹೋತೋ, ಯಾವ ಕುಲುಮಿಗೆ ಹೋತೋ,
ಕಾಟಾ ಹೇಳಿಲ್ಲ.
ಹತ್ತು ಕಿಲೋದ ಕೆಳಗಿಂದು ಅದರ ಲೆಕ್ಕಕ್ಕಿಲ್ಲ.

ಮೌಲಾಸಾಬ್ ಹಾರ್ನ್ ಹೊಡೆದ. ರಸೀದಿ ಹರೀಬೇಕು,
ಅದರ ಮ್ಯಾಲೆ ಅದು, ಅಲುಗವಲ್ದು.
ತಾಯಕ್ಕ ಹೇಳಿದ್ಲು, "ಬೇವಿನ ಗಿಡಕ್ಕ ಬಿಡು."
ಬ್ಯಾಡ ಅನಿಸಿತು.
ನಾಲ್ಕುನೂರಾ ಹನ್ನೆರಡನ್ನ ಹಂಗಽ ಬಿಟ್ಟು
ಮೆಲ್ಲಕ ಕೆಳಗಿನದನ್ನ ಎಳೆದು ಹರಿದು ಕೊಟ್ಟೆ.
ಬೆಳಿಗ್ಗೆ ಸೂಪರ್‌ವೈಸರ್ ಕೇಳತಾನ, ಕೇಳಲಿ.

ಮೇಡಂಗೆ ಬರೆದೆ:
ಸದ್ಯಕ್ಕ, ರಸೀದಿ ನಂಬರ್ ನಾಲ್ಕುನೂರಾ ಹನ್ನೆರಡು.