ಕಾಣದ ಕಡೆ ಮೊದಲು

ಬೆಳಗಲ್ ಕ್ರಾಸಿನ ನನ್ನ ತಗಡಿನ ಶೆಡ್ಡಿಗೆ
ಗಾದಿಲಿಂಗಪ್ಪನವರ ಕಾರು ಬಂದಾಗ
ಇನ್ನೂ ಒಂಬತ್ತಾಗಿರಲಿಲ್ಲ, ಬಿಸಿಲಿಗೆ ಮಾತ್ರ ಹನ್ನೆರಡು.
ಬಾಗಿಲು ತೆಗೆದು ತೋರಿಸಿದರು:
ಕೆನೆಬಣ್ಣದ ಹಿಂದಿನ ಸೀಟು,
ಅದರ ಮೈತುಂಬ ಕಂದಿದ ನೀಲಿ,
ಯಾರೋ ಗುದ್ದಿದ ಹಾಗೆ.

"ಅರ್ಜೆಂಟ್ ಆರ್ಡರ್ ಇತ್ತೋ ಸುಂಕಪ್ಪ, ಆಟೋ ಸಿಗಲಿಲ್ಲ.
ಗಂಟು ಇದರಾಗೇ ಹಾಕ್ಕೊಂಡು ವಾಷಿಂಗಿಗೆ ಓಡಿದ್ವಿ.
ಪ್ಯಾಂಟಿನ ಬಣ್ಣ ಸೀಟು ಕುಡದುಬಿಡ್ತು.
ನಾಡಿದ್ದು ಬೀಗರು ಬರ್ತಾರ."

ತಲೆಯಾಡಿಸಿದೆ.
ಆ ನೀಲಿ ನನಗೆ ಗೊತ್ತು.
ದಿನಾ ಸಂಜೆ ನನ್ನ ಮನೆಗೆ ಬರುತ್ತದೆ
ಮಾರೆಕ್ಕನ ಹತ್ತು ಬೆರಳ ತುದಿಯಲ್ಲಿ.
ಅದೇ ಯೂನಿಟ್ಟಿನಲ್ಲಿ ಅವಳು ದಾರ ಕತ್ತರಿಸುವವಳು,
ಪೀಸಿಗೆ ಇಷ್ಟು ಎಂದು.
ನಾದಿದ ರೊಟ್ಟಿಹಿಟ್ಟಿಗೂ ಒಮ್ಮೊಮ್ಮೆ ಇಳಿಯುತ್ತದೆ.
ಅದನ್ನು ಹೇಳಲಿಲ್ಲ.

ಮೊದಲು ಧೂಳು.
ಹೊಲಿಗೆಯ ಸಂದಿಯಿಂದ ವ್ಯಾಕ್ಯೂಮು ಎಳೆದದ್ದು
ಸಂಡೂರಿನ ಕೆಂಪು, ಎರಡು ಮಂಡಕ್ಕಿ, ಒಂದು ಗುಂಡಿ,
ಮುರಿದ ಸೂಜಿಯ ಅರ್ಧ.
ಸೂಜಿಯನ್ನು ಜೇಬಿಗೆ ಹಾಕಿಕೊಂಡೆ, ಯಾಕೋ.

ಆಮೇಲೆ ನೊರೆ. ನೀರಲ್ಲ, ನೊರೆ.
ಹುಡುಗ ಹೊನ್ನೂರನಿಗೆ ನೂರು ಸಲ ಹೇಳಿದ್ದೇನೆ:
ಬಚ್ಚಲ ಕಲ್ಲಲ್ಲ ಅದು, ತಿಕ್ಕಬೇಡ.
ಯಾವ ಔಷಧಿಯಾಗಲಿ, ಕಾಣದ ಕಡೆ ಮೊದಲು,
ಸೀಟಿನ ಕೆಳಗೆ, ಬೆಲ್ಟಿನ ಹಿಂದೆ
ಒಂದು ಹೆಸರುಕಾಳಿನಷ್ಟು ಜಾಗ.
ಬಟ್ಟೆಗೆ ಸೀಟಿನದೇ ಕೆನೆ ಹತ್ತಿತೋ,
ಕೈ ತೆಗಿ.

ಹೋಯಿತು ನೀಲಿ. ಒಂದೇ ಸಲಕ್ಕಲ್ಲ,
ನೆಂಟರು ಹೊರಟ ಹಾಗೆ,
ಹೊಸ್ತಿಲಲ್ಲಿ ನಿಂತು, ಏನೋ ನೆನಪಾಗಿ ಮತ್ತೆ ಒಳಗೆ ಬಂದು,
ನಾಲ್ಕನೇ ಬಟ್ಟೆಗೆ, ಐದನೆಯದಕ್ಕೆ.

ಅಜ್ಜ ಹೊಲಿದದ್ದು ಕಪಿಲೆಯ ತೊಗಲಬಾನಿ.
ಸುಣ್ಣದ ಗುಂಡಿ, ತಂಗಡಿ ತೊಗಟೆಯ ಕೆಂಪು ನೀರು.
ಮೊಣಕೈವರೆಗೂ ಆ ಬಣ್ಣ, ಹೂಳುವಾಗಲೂ ಇತ್ತಂತೆ.
ಬೇಸಿಗೆಗೆ ಮುಂಚೆ ತೊಗಲಿಗೆ ಹರಳೆಣ್ಣೆ ಕುಡಿಸುತ್ತ
"ಸತ್ತ ಮ್ಯಾಲೂ ಬಾಯಾರ್ತದ ಇದಕ್ಕ" ಎನ್ನುತ್ತಿದ್ದ.
ಅವನು ಹೊಲಿದ ಬಾನಿಯಲ್ಲೇ ಎತ್ತಿದ ನೀರನ್ನು
ಅವನ ಬೊಗಸೆಗೆ ಸುರಿಯುತ್ತಿದ್ದರು ಮೇಲಿಂದ.
ಎಷ್ಟು ಮೇಲಿಂದ ಎಂದು ಕೇಳಿದರೆ
ಅಪ್ಪ ಕೈ ಎತ್ತಿ ತೋರಿಸುತ್ತಿದ್ದ.
ಆ ಕೈ ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ಈಗ ಕಂಡೀಷನರ್ರು, ಬಿಳಿ ಡಬ್ಬಿ, ಬಾದಾಮಿಯ ವಾಸನೆ.
ನಾಲ್ಕಾಣೆಯಗಲ ತೆಗೆದು ತೆಳ್ಳಗೆ, ಸುತ್ತಿ ಸುತ್ತಿ,
ಮಂಡಿಯೂರಿ, ಕೂಸಿಗೆ ಎಣ್ಣೆ ಹಚ್ಚಿದಂತೆ.
"ಒಂದು ತಾಸು ಯಾರೂ ಕೂಡಂಗಿಲ್ಲ ಸಾವ್ಕಾರ್ರೆ."
"ನಾನೂ?"
"ನೀವೂ."

ನಿಂತರು. ಕಾರಿನ ನೆರಳಿಗೆ, ಆಮೇಲೆ ಬೇವಿನ ನೆರಳಿಗೆ,
ಅದು ಸರಿದ ಹಾಗೆ ಸರಿಯುತ್ತ.
ಹೊನ್ನೂರ ಪೇಂಟಿನ ಡಬ್ಬಿ ಬೋರಲು ಹಾಕಿದ.
ನೋಡಿದರು, ಕರ್ಚೀಫು ಹಾಸಿ ಕೂತರು.
ಟೀ ಬಂತು. ಕಾಗದದ ಲೋಟ ಮೂರು, ಮೂರೂ ಒಂದೇ ಅಳತೆ.
ಯಾರು ಯಾವುದನ್ನು ಮೊದಲು ಎತ್ತಿಕೊಂಡರೋ
ನಾನು ನೋಡಲಿಲ್ಲ ಎಂದರೆ ಸುಳ್ಳಾದೀತು.

ತಾಸಾದ ಮೇಲೆ ಬಗ್ಗಿ, ಸೀಟಿಗೆ ಮೂಗು ತಾಕುವಷ್ಟು,
"ತೊಗಲೇನೋ ಬೆಣ್ಣಿ ಆಗೇತಿ. ಆದ್ರ ಈ ದಾರ?"
ಹೊಲಿಗೆಯುದ್ದಕ್ಕೂ ನೀಲಿ, ನೆಟ್ಟಗೆ, ಸಾಲಾಗಿ.
"ದಾರದ್ದು ಹೋಗಂಗಿಲ್ರಿ."
"ಬೀಗರು ಕೇಳಿದ್ರ?"
"ಡಿಸೈನ್ ಅನ್ರಿ."
ನಕ್ಕರು. ಇನ್ನೂರು ಹಿಡಿದುಕೊಂಡು ಕೊಟ್ಟರು.

ರಾತ್ರಿ ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ನೊರೆ ಒಯ್ದೆ.
ಮಾರೆಕ್ಕ ಕೈ ಚಾಚಿದವಳು ಹಿಂದಕ್ಕೆಳೆದುಕೊಂಡು
"ಕಾಣದ ಕಡೆ ಮೊದಲು ಅಂತೀಯಲ್ಲ?" ಎಂದು
ಎಡಗೈಯ ಕಿರುಬೆರಳು ಕೊಟ್ಟಳು.
ಮಷಿನ್ನಿಗೆ ಕೂತಿದ್ದ ವರ್ಷ ಸೂಜಿ ಹಾದ ಬೆರಳು.
ವಾಸಿಯಾಗಿದೆ. ಒಳಗೊಂದು ನೀಲಿ ಚುಕ್ಕಿ,
ಹಚ್ಚೆ ಹಾಕಿಸಿಕೊಂಡ ಹಾಗೆ.

ಅದನ್ನು ಬಿಟ್ಟು ಉಳಿದ ಒಂಬತ್ತು ಒರೆಸಿದೆ.
ರೊಟ್ಟಿ ಆರುತ್ತಿತ್ತು.